ಬೇಸಿಗೆ ರಜೆ, ಊರ ಗ್ರಂಥಾಲಯ ಮತ್ತು ಅಲ್ಲಿಗೆ ಬಾರದ ಮಕ್ಕಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು, ಪಂಚಾಯಿತಿ ಸದಸ್ಯರು, ಶಿಕ್ಷಕರು ಮತ್ತು ಬೇಸಿಗೆ ಶಿಬಿರಕ್ಕೆ ಕೈಜೋಡಿಸುವ ಯುವಕ ಯುವತಿಯರು ಪ್ರತಿ ವರ್ಷ ಮಾರ್ಚ್ ತಿಂಗಳಿನಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಿದ್ದೇವೆ. ಹಲವು ಬೇಸಿಗೆಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳ ಗ್ರಂಥಾಲಯಗಳಲ್ಲಿ ಕಳೆದ ಅನುಭವದಿಂದ ಬರೆದದ್ದು ಇದು. ನಿಮ್ಮ ಊರಿನ ಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಗ್ರಂಥಾಲಯದ ಬಾಗಿಲು ಎಲ್ಲರಿಗೂ ತೆರೆದೇ ಇದೆ. ಹಾಗಿರುವಾಗ ಸಮಾನತೆಯ ಪ್ರಶ್ನೆ ಎಲ್ಲಿಂದ ಬಂತು?

ಬಾಗಿಲು ತೆರೆದಿರುವುದು ನಿಜ. ಆದರೆ ಆ ಬಾಗಿಲಿನವರೆಗೆ ಎಷ್ಟು ದೂರ ನಡೆಯಬೇಕು, ಯಾರ ಮನೆಗಳ ಮುಂದೆ ಹಾದು ಹೋಗಬೇಕು, ಮನೆಯ ಕೆಲಸ ಮುಗಿಯುವ ಹೊತ್ತಿಗೆ ಅದು ಇನ್ನೂ ತೆರೆದಿರುತ್ತದೆಯೇ, ಒಳಗೆ ಕಾಲಿಟ್ಟಾಗ ಯಾರಾದರೂ ಹೆಸರು ಹಿಡಿದು ಕರೆಯುತ್ತಾರೆಯೇ ಎಂಬುದು ಎಲ್ಲ ಮಕ್ಕಳಿಗೂ ಒಂದೇ ಆಗಿಲ್ಲ. ಪಂಚಾಯಿತಿ ಕಚೇರಿಯ ಬೀದಿಯಲ್ಲೇ ಮನೆಯಿರುವ, ತಂದೆ ತಾಯಿ ಓದು ಬಲ್ಲ ಮಗುವಿಗೆ ಗ್ರಂಥಾಲಯವೆಂದರೆ ಎರಡು ನಿಮಿಷದ ದಾರಿ. ಎರಡು ಕಿಲೋಮೀಟರ್ ಆಚೆಯ ತಾಂಡಾದಲ್ಲಿ, ತಾಯಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋದ ಮೇಲೆ ತಮ್ಮನನ್ನು ಕಂಕುಳಲ್ಲಿ ಹೊತ್ತುಕೊಂಡು ನೀರು ತುಂಬಿಸುವ ಹತ್ತು ವರ್ಷದ ಹುಡುಗಿಗೆ ಅದೇ ಗ್ರಂಥಾಲಯ ಇನ್ನೊಂದು ಊರಿನಲ್ಲಿದ್ದಂತೆ. ಇಬ್ಬರಿಗೂ ಒಂದೇ ಸೇವೆಯನ್ನು ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಕೊಟ್ಟರೆ, ಅದು ಮೊದಲೇ ಹತ್ತಿರವಿದ್ದವರಿಗೆ ಮಾತ್ರ ಸಲ್ಲುತ್ತದೆ.

ಸಾರ್ವಜನಿಕ ಗ್ರಂಥಾಲಯಗಳ ಬಗ್ಗೆ ಯುನೆಸ್ಕೊ 1994ರಲ್ಲಿ ಹೊರಡಿಸಿ 2022ರಲ್ಲಿ ಪರಿಷ್ಕರಿಸಿದ ಘೋಷಣಾ ಪತ್ರವೂ ಇದನ್ನೇ ಹೇಳುತ್ತದೆ. ವಯಸ್ಸು, ಲಿಂಗ, ಧರ್ಮ, ಭಾಷೆ, ಸಾಮಾಜಿಕ ಸ್ಥಾನಮಾನ ಯಾವುದನ್ನೂ ಎಣಿಸದೆ ಸೇವೆ ಸಿಗಬೇಕು ಎಂದಷ್ಟೇ ಹೇಳಿ ಅದು ಸುಮ್ಮನಾಗುವುದಿಲ್ಲ. ಮಾಮೂಲಿ ಸೇವೆಯನ್ನು ಬಳಸಲಾಗದವರಿಗೆ ವಿಶೇಷ ಸೇವೆಯನ್ನು ಒದಗಿಸಬೇಕೆಂದೂ ಹೇಳುತ್ತದೆ. ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬುದನ್ನು 1931ರಲ್ಲಿಯೇ ಗ್ರಂಥಾಲಯದ ಎರಡನೆಯ ಸೂತ್ರವಾಗಿ ಇಟ್ಟಿದ್ದರು. ಇನ್ನೂ ಓದುಗನಾಗದ ಮಗುವನ್ನೂ ಆ ‘ಪ್ರತಿಯೊಬ್ಬ’ರಲ್ಲಿ ಸೇರಿಸಬೇಕೆಂಬುದು ನಮ್ಮ ನಂಬಿಕೆ. ಆದ್ದರಿಂದ ಶಿಬಿರದ ಯೋಜನೆ ಬಾರದ ಮಗುವಿನಿಂದ ಆರಂಭವಾಗಬೇಕು. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ವರ್ಷವಿಡೀ ಮಾಡಬೇಕಾದ ಕೆಲಸಕ್ಕೆ ಬೇಸಿಗೆಯಲ್ಲೇ ಯಾಕೆ ಇಷ್ಟು ಒತ್ತು?

ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಸರ್ಕಾರಿ ಶಾಲೆ ಮುಚ್ಚಿದಾಗ, ಬಡವರ ಮಗುವಿನ ಪಾಲಿಗೆ ಪಾಠದ ಜೊತೆಗೆ ಇನ್ನೂ ಹಲವು ನಿಲ್ಲುತ್ತವೆ. ಬಿಸಿಯೂಟ ನಿಲ್ಲುತ್ತದೆ, ಹಾಲು ನಿಲ್ಲುತ್ತದೆ, ದಿನಕ್ಕೊಮ್ಮೆ ಹಾಜರಿ ಕೂಗಿ ‘ಇವಳು ಯಾಕೆ ಬಂದಿಲ್ಲ’ ಎಂದು ಕೇಳುವ ದನಿಯೂ ನಿಲ್ಲುತ್ತದೆ. ಅನುಕೂಲವಿದ್ದವರ ಮನೆಯಲ್ಲಿ ರಜೆಯೆಂದರೆ ಅಜ್ಜಿ ಮನೆ, ಈಜು, ಪಟ್ಟಣದ ಶಿಬಿರ. ಇಲ್ಲದವರ ಮನೆಯಲ್ಲಿ ರಜೆಯೆಂದರೆ ಒಂದು ಜೊತೆ ಹೆಚ್ಚುವರಿ ಕೈ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಬಂದ ತಿದ್ದುಪಡಿಯು ಹದಿನಾಲ್ಕರ ಒಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತಾದರೂ, ಅಪಾಯಕಾರಿಯಲ್ಲದ ಕುಟುಂಬದ ಕಸುಬಿನಲ್ಲಿ ಶಾಲೆಯ ಸಮಯದ ನಂತರ ಮತ್ತು ರಜೆಯಲ್ಲಿ ನೆರವಾಗುವುದಕ್ಕೆ ಅವಕಾಶ ಉಳಿಸಿತು. ಹೊಲ, ಬೀಡಿ, ಇಟ್ಟಿಗೆ ಭಟ್ಟಿಗಳ ಸುತ್ತ ಬದುಕುವ ಮನೆಗಳಲ್ಲಿ ‘ನೆರವು’ ಎಲ್ಲಿ ಮುಗಿದು ‘ಕೂಲಿ’ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಹೇಳುವುದು ಕಷ್ಟ. ಏಳು ವಾರ ಅಕ್ಷರದ ಮುಖ ನೋಡದ ಎರಡನೆಯ ತರಗತಿಯ ಮಗು ಜೂನ್‌ನಲ್ಲಿ ಒತ್ತಕ್ಷರ ಮರೆತು ಬರುವುದನ್ನು ಪ್ರತಿ ಶಿಕ್ಷಕರೂ ಕಂಡಿದ್ದಾರೆ. ಆ ಏಳು ವಾರಗಳಲ್ಲಿ ಊರಿನಲ್ಲಿ ಪುಸ್ತಕವಿರುವ ಸರ್ಕಾರಿ ಜಾಗ ಒಂದೇ, ಅದು ಗ್ರಂಥಾಲಯ.

ನಮ್ಮ ಊರಿನ ಗ್ರಂಥಾಲಯ ಯಾರ ಅಧೀನದಲ್ಲಿದೆ? ಕೆಲಸ ಆಗಬೇಕಾದರೆ ಯಾರನ್ನು ಕೇಳಬೇಕು?

ಹಳ್ಳಿಯದಾದರೆ ಗ್ರಾಮ ಪಂಚಾಯಿತಿಯನ್ನು ಕೇಳಿ. ಮೊದಲು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲಿದ್ದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಈಗ ಅವುಗಳನ್ನು ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ್ದ 2020ರ ನವೆಂಬರ್‌ನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆದ್ದರಿಂದ ಯಾವುದೇ ಮಗುವಿನಿಂದ ಠೇವಣಿ ಕೇಳಿದರೆ ಅದು ಸರಿಯಲ್ಲ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಗಮನಕ್ಕೆ ತರಬಹುದು. ಪಟ್ಟಣ ಮತ್ತು ನಗರಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಇವೆ.

ಕೆಲಸವನ್ನು ಎಲ್ಲಿಂದ ಆರಂಭಿಸಬೇಕು?

ಸದಸ್ಯತ್ವದ ನೋಂದಣಿ ಪುಸ್ತಕದಿಂದ. ಬಣ್ಣದ ಕಾಗದ, ಬ್ಯಾನರ್, ಸಂಪನ್ಮೂಲ ವ್ಯಕ್ತಿಗಳ ಪಟ್ಟಿ ಎಲ್ಲವೂ ಆಮೇಲೆ.

ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಪಂಚಾಯಿತಿಯ ಎಲ್ಲ ಹಳ್ಳಿ, ತಾಂಡಾ, ಹಟ್ಟಿ, ಕಾಲೊನಿ, ಕೇರಿಗಳನ್ನು ಗುರುತಿಸಿ. ಊರ ಹೊರಗೆ ಗುಡಾರ ಹಾಕಿಕೊಂಡಿರುವ ಅಲೆಮಾರಿ ಕುಟುಂಬಗಳನ್ನು, ತೋಟದ ಮನೆಗಳನ್ನು, ಇಟ್ಟಿಗೆ ಭಟ್ಟಿಯ ಶೆಡ್‌ಗಳನ್ನು ಮರೆಯದೆ ಸೇರಿಸಿ, ಏಕೆಂದರೆ ಇವು ಪಂಚಾಯಿತಿಯ ಮನೆ ಪಟ್ಟಿಯಲ್ಲಿ ಇರದಿರಬಹುದು. ಬಳಿಕ ನೋಂದಣಿ ಪುಸ್ತಕವನ್ನು ಬಿಚ್ಚಿ, ಕಳೆದ ಮೂರು ತಿಂಗಳಲ್ಲಿ ಪುಸ್ತಕ ಒಯ್ದ ಪ್ರತಿ ಮಗುವಿಗೆ ಅದರ ಮನೆಯಿರುವ ಕಡೆ ಒಂದು ಚುಕ್ಕೆ ಇಡಿ. ನಾವು ಮೊದಲ ಸಲ ಹೀಗೆ ಮಾಡಿದಾಗ, ಆರುನೂರಕ್ಕೂ ಹೆಚ್ಚು ಮಕ್ಕಳ ಸದಸ್ಯತ್ವವಿದೆ ಎಂದು ಹೆಮ್ಮೆಯಿಂದ ಬೋರ್ಡಿನಲ್ಲಿ ಬರೆದಿದ್ದ ಗ್ರಂಥಾಲಯದಲ್ಲಿ, ಚುಕ್ಕೆಗಳೆಲ್ಲ ಎರಡು ಬೀದಿಗಳಲ್ಲಿ ಜೇನುಗೂಡಿನಂತೆ ಒತ್ತಿಕೊಂಡು ಕುಳಿತವು. ಕಾಲೊನಿಯಲ್ಲಿ ಮೂರು ಚುಕ್ಕೆ, ತಾಂಡಾದಲ್ಲಿ ಒಂದೂ ಇಲ್ಲ. ಮೇಲ್ವಿಚಾರಕರು ಬಹಳ ಹೊತ್ತು ಆ ಹಾಳೆಯನ್ನೇ ನೋಡುತ್ತಾ ನಿಂತರು. ಶಾಲೆಯ ಹಾಜರಿ ಪುಸ್ತಕ ನೋಡಿ ಎಲ್ಲ ಮಕ್ಕಳಿಗೂ ಒಂದೇ ದಿನ ಕಾರ್ಡ್ ಮಾಡಿಸಿದ್ದು ಅವರೇ. ಕಾರ್ಡ್ ಎಲ್ಲರಿಗೂ ಸಿಕ್ಕಿತ್ತು, ಪುಸ್ತಕ ಎಲ್ಲರನ್ನೂ ತಲುಪಿರಲಿಲ್ಲ.

ಆ ಖಾಲಿ ಜಾಗಗಳಿಗೆ ಮಾರ್ಚ್‌ನಲ್ಲೇ ಹೋಗಿ ಬನ್ನಿ. ಹೋಗುವಾಗ ಶಿಬಿರದ ಕರಪತ್ರ ಒಯ್ಯಬೇಡಿ. ಸಂಜೆ ಜನ ಕೆಲಸದಿಂದ ಬಂದ ಮೇಲೆ ಕಟ್ಟೆಯ ಮೇಲೆ ಕುಳಿತು, ರಜೆಯಲ್ಲಿ ಮಕ್ಕಳು ಏನು ಮಾಡುತ್ತಾರೆ, ಯಾವ ಹೊತ್ತು ಬಿಡುವು, ಯಾರ ಅಂಗಳದಲ್ಲಿ ನೆರಳಿದೆ ಎಂದು ಕೇಳಿ. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಗೆ ಮನೆಮನೆಯ ಪರಿಚಯವಿರುತ್ತದೆ, ಅವರನ್ನು ಜೊತೆಗೆ ಕರೆದುಕೊಂಡರೆ ಅರ್ಧ ಕೆಲಸ ಆದಂತೆ.

ಗ್ರಂಥಾಲಯ ಇರುವ ಬೀದಿಗೆ ಬರಲು ದಲಿತ ಕೇರಿಯ ಮಕ್ಕಳು ಹಿಂಜರಿಯುತ್ತಾರೆ. ಏನು ಮಾಡಬೇಕು?

ಈ ಪ್ರಶ್ನೆಯನ್ನು ಬಹಳ ಜನ ದನಿ ತಗ್ಗಿಸಿ ಕೇಳುತ್ತಾರೆ. ಬಹಿರಂಗವಾಗಿಯೇ ಉತ್ತರಿಸಬೇಕಾದ ಪ್ರಶ್ನೆ ಇದು.

ಮೊದಲನೆಯದಾಗಿ, ಮಕ್ಕಳ ಹಿಂಜರಿಕೆಯನ್ನು ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ಬರೆದು ಮುಗಿಸಬೇಡಿ. ದೇವಸ್ಥಾನದ ಪಕ್ಕದ ಸಮುದಾಯ ಭವನದಲ್ಲೋ ಮೇಲ್ಜಾತಿಯವರ ಮನೆಗಳ ನಡುವಿನ ಹಳೆಯ ಚಾವಡಿಯಲ್ಲೋ ಗ್ರಂಥಾಲಯವಿದ್ದರೆ, ಆ ದಾರಿಯಲ್ಲಿ ಚಪ್ಪಲಿ ಕಳಚಿ ನಡೆದ ಅಜ್ಜನ ನೆನಪು ಮೊಮ್ಮಗನ ಕಾಲನ್ನೂ ಹಿಡಿಯುತ್ತದೆ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿದೆ. ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ಸ್ಥಳಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು 15ನೆಯ ವಿಧಿ ಹೇಳುತ್ತದೆ. ಯಾರಾದರೂ ತಡೆದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆ ಇವೆ, ಅಂಥ ಸಂದರ್ಭದಲ್ಲಿ ಅವುಗಳನ್ನು ಬಳಸಲೇಬೇಕು.

ಆದರೆ ಹೆಚ್ಚಿನ ಕಡೆ ಯಾರೂ ಬಾಯಿಬಿಟ್ಟು ತಡೆಯುವುದಿಲ್ಲ. ಕುಡಿಯುವ ನೀರಿನ ಮಡಕೆಯಿಂದ ಒಬ್ಬ ಹುಡುಗ ನೀರು ತೆಗೆದುಕೊಂಡ ಮೇಲೆ ಉಳಿದವರು ಮನೆಯಿಂದ ಬಾಟಲಿ ತರತೊಡಗುತ್ತಾರೆ. ಚಾಪೆಯ ಒಂದು ಅಂಚು ಖಾಲಿಯಾಗುತ್ತದೆ. ಕಸ ಗುಡಿಸುವ ಸರದಿ ಯಾವಾಗಲೂ ಅದೇ ಮೂವರಿಗೆ ಬರುತ್ತದೆ. ಇವನ್ನು ಮಕ್ಕಳು ತಕ್ಷಣ ಓದಿಕೊಳ್ಳುತ್ತಾರೆ. ಅದಕ್ಕಾಗಿ ಶಿಬಿರದ ಮೊದಲ ದಿನವೇ ಕುಳಿತುಕೊಳ್ಳುವುದು, ನೀರು ಕೊಡುವುದು, ಗುಡಿಸುವುದು, ಪುಸ್ತಕ ಹಂಚುವುದು ಎಲ್ಲದಕ್ಕೂ ಚೀಟಿ ಎತ್ತಿ ದಿನದ ಸರದಿಯನ್ನು ಗೊತ್ತುಮಾಡಿ ಗೋಡೆಗೆ ಅಂಟಿಸಿ. ಮೇಲ್ವಿಚಾರಕರೂ ಸ್ವಯಂಸೇವಕರೂ ಎಲ್ಲರ ಮುಂದೆ ಅದೇ ಮಡಕೆಯಿಂದ, ಯಾವ ಮಗು ಕೊಟ್ಟರೂ ಆ ಲೋಟದಿಂದ ನೀರು ಕುಡಿಯಬೇಕು. ಭಾಷಣಕ್ಕಿಂತ ಇದು ಹೆಚ್ಚು ಕೆಲಸ ಮಾಡುವುದನ್ನು ಕಂಡಿದ್ದೇವೆ.

ಎರಡನೆಯದಾಗಿ, ಶಿಬಿರದ ಜಾಗವನ್ನು ಬದಲಿಸಿ. ಕೇರಿಯ ಅಂಬೇಡ್ಕರ್ ಭವನದಲ್ಲಿ ಒಂದು ವಾರ, ಶಾಲೆಯ ಆವರಣದಲ್ಲಿ ಒಂದು ವಾರ, ತಾಂಡಾದ ಸೇವಾಲಾಲ್ ಮಂದಿರದ ಅಂಗಳದಲ್ಲಿ ಒಂದು ವಾರ ನಡೆಸಬಹುದು. ಇದಕ್ಕೆ ‘ಅವರನ್ನು ಬೇರೆ ಕೂಡಿಸಿದಂತಾಗುವುದಿಲ್ಲವೇ’ ಎಂಬ ಆಕ್ಷೇಪ ಬರುತ್ತದೆ. ಕೇರಿಯ ಮಕ್ಕಳಿಗೆ ಮಾತ್ರ ಕೇರಿಯಲ್ಲಿ ಶಿಬಿರ ಮಾಡಿದರೆ ಆ ಆಕ್ಷೇಪ ಸರಿ. ಊರಿನ ಎಲ್ಲ ಮಕ್ಕಳೂ ಕೇರಿಗೆ ಬರುವಂತೆ ಮಾಡಬೇಕು. ಪ್ರತಿ ಸಲ ಕೇರಿಯ ಮಕ್ಕಳೇ ನಡೆದು ಬರಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಶಿಬಿರವನ್ನು ಎಷ್ಟು ಹೊತ್ತಿಗೆ ನಡೆಸಿದರೆ ಒಳ್ಳೆಯದು?

ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಗ್ರಂಥಾಲಯವೂ ಅದೇ ವೇಳೆಯನ್ನು ಅನುಸರಿಸಿದರೆ, ಬೆಳಿಗ್ಗೆ ಕುರಿ ಮೇಯಿಸಲು ಅಥವಾ ಅವ್ವನ ಜೊತೆ ಕೂಲಿಗೆ ಹೋದ ಮಗುವಿಗೆ ಅದು ಎಂದೂ ತೆರೆದಿರುವುದಿಲ್ಲ. ಬೆಳಿಗ್ಗೆ ಎರಡು ತಾಸು, ಸಂಜೆ 5ರಿಂದ 7ರವರೆಗೆ ಎರಡು ತಾಸು ಎಂದು ಒಡೆದರೆ ಬಿಸಿಲನ್ನೂ ತಪ್ಪಿಸಬಹುದು, ದುಡಿಯುವ ಮಕ್ಕಳನ್ನೂ ತಲುಪಬಹುದು. ಇದಕ್ಕೆ ಪಂಚಾಯಿತಿಯ ಠರಾವು ಬೇಕು. ಸಂಜೆಗೆ ವಿದ್ಯುತ್ ಇರುತ್ತದೆಯೇ ಎಂದು ನೋಡಿಕೊಂಡು ಒಂದು ಚಾರ್ಜಿಂಗ್ ದೀಪ ಇಟ್ಟುಕೊಳ್ಳಿ.

ಚಿಕ್ಕ ತಮ್ಮ ತಂಗಿಯರನ್ನು ಕರೆದುಕೊಂಡು ಬರುವುದಕ್ಕೆ ಬೇಡ ಎನ್ನಬೇಡಿ. ಊರಿನಲ್ಲಿ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ ನಡೆಯುತ್ತಿದ್ದರೆ ಶಿಬಿರವನ್ನು ಅದರ ಹತ್ತಿರ ಇಡಿ. ಇಲ್ಲವಾದರೆ ಮೂಲೆಯಲ್ಲಿ ಒಂದು ಚಾಪೆ, ನಾಲ್ಕು ಆಟಿಕೆ, ಚಿತ್ರದ ಪುಸ್ತಕಗಳು ಸಾಕು. ಆ ಚಾಪೆ ಇಲ್ಲದಿದ್ದರೆ ಎತ್ತಿಕೊಂಡು ಬಂದ ಅಕ್ಕ ಬಾಗಿಲಿನಿಂದಲೇ ಹಿಂದಿರುಗುತ್ತಾಳೆ.

ದೂರದ ತಾಂಡಾ, ಹಾಡಿಗಳ ಮಕ್ಕಳಿಗೆ ವಾಹನದ ವ್ಯವಸ್ಥೆ ಮಾಡಲು ನಮ್ಮಲ್ಲಿ ಹಣವಿಲ್ಲ. ಬೇರೆ ದಾರಿಯಿದೆಯೇ?

ಮಕ್ಕಳನ್ನು ಪುಸ್ತಕದ ಬಳಿಗೆ ಸಾಗಿಸುವುದಕ್ಕಿಂತ ಪುಸ್ತಕವನ್ನು ಮಕ್ಕಳ ಬಳಿಗೆ ಸಾಗಿಸುವುದು ಅಗ್ಗ. ನಮ್ಮ ದೇಶದಲ್ಲಿ ಇದು ನೂರು ವರ್ಷಕ್ಕೂ ಹಳೆಯ ಕ್ರಮ. ಬರೋಡಾ ಸಂಸ್ಥಾನದಲ್ಲಿ ಸಯಾಜಿರಾವ್ ಗಾಯಕವಾಡರ ಕಾಲದಲ್ಲಿ ಮರದ ಪೆಟ್ಟಿಗೆಗಳಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳುಹಿಸುತ್ತಿದ್ದರು. ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ 1931ರಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಊರೂರು ತಿರುಗತೊಡಗಿತು, ಅದಕ್ಕೆ ಪ್ರೇರಣೆಯಾಗಿದ್ದವರು ರಂಗನಾಥನ್.

ಒಂದು ತಗಡಿನ ಟ್ರಂಕಿನಲ್ಲಿ ನಲವತ್ತು ಐವತ್ತು ತೆಳ್ಳನೆಯ ಪುಸ್ತಕಗಳು, ಒಂದು ನೋಟ್‌ಬುಕ್, ದಾರಕ್ಕೆ ಕಟ್ಟಿದ ಒಂದು ಪೆನ್ಸಿಲ್ ಇಟ್ಟರೆ ಒಂದು ತಾಂಡಾದ ಶಾಖೆ ಸಿದ್ಧವಾಯಿತು. ಅದನ್ನು ಒಯ್ಯಲು ಪಂಚಾಯಿತಿಯ ಕಸದ ಗಾಡಿಯನ್ನು ಬಳಸಬೇಡಿ, ಅದು ಆ ಮಕ್ಕಳಿಗೂ ಪುಸ್ತಕಗಳಿಗೂ ತೋರುವ ಅಗೌರವ. ಆದರೆ ಆ ಗಾಡಿಯ ಧ್ವನಿವರ್ಧಕವನ್ನು ಅಗತ್ಯವಾಗಿ ಬಳಸಿ. ಅನೇಕ ಕಡೆ ಅದನ್ನು ಹೆಣ್ಣುಮಕ್ಕಳೇ ಓಡಿಸುತ್ತಾರೆ, ಪ್ರತಿ ಕೇರಿಗೂ ಹೋಗುತ್ತಾರೆ. ಪಂಚಾಯಿತಿಯ ವಾಟ್ಸಾಪ್ ಗುಂಪು ತಲುಪದ ಮನೆಗೆ ಅವರ ದನಿ ತಲುಪುತ್ತದೆ. ಟ್ರಂಕಿನ ಹೊಣೆಯನ್ನು ತಾಂಡಾದ ಹೈಸ್ಕೂಲು ಹುಡುಗಿಯೊಬ್ಬಳಿಗೆ ವಹಿಸಿ ಕೀಲಿಕೈಯನ್ನು ಅವಳ ಕೈಗೇ ಕೊಡಿ, ಹದಿನೈದು ದಿನಕ್ಕೊಮ್ಮೆ ಪುಸ್ತಕಗಳನ್ನು ಬದಲಿಸಿ.

ಪುಸ್ತಕ ಕಳೆದರೆ, ಹರಿದರೆ ಯಾರು ಹೊಣೆ? ಆಡಿಟ್‌ನಲ್ಲಿ ನಮ್ಮನ್ನೇ ಕೇಳುತ್ತಾರೆ.

ಈ ಭಯ ಮೇಲ್ವಿಚಾರಕರದ್ದೂ ಹೌದು, ಮಕ್ಕಳದ್ದೂ ಹೌದು. ಮೊದಲ ಟ್ರಂಕು ಒಯ್ದ ದಿನ ಒಂದು ಹುಡುಗಿ ಪುಸ್ತಕವನ್ನು ಮುಟ್ಟದೆ, ಎರಡೂ ಕೈಗಳನ್ನು ಲಂಗದ ಹಿಂದೆ ಕಟ್ಟಿಕೊಂಡು, ನೆಲದ ಮೇಲೆ ತೆರೆದಿಟ್ಟ ಪುಟದ ಮೇಲೆ ಬಗ್ಗಿ ಆನೆಯ ಚಿತ್ರ ನೋಡುತ್ತಿದ್ದಳು. ಕೈಯಲ್ಲಿ ಹಿಡಿದುಕೋ ಎಂದಾಗ ಅವಳು ಕೇಳಿದ್ದು, “ಅಕ್ಕಾರ, ಹರದ್ರ ಎಷ್ಟ ರೊಕ್ಕ ಕೊಡಬೇಕ್ರಿ?” ಗಾಜಿನ ಬೀರುವಿನಲ್ಲಿ ಬೀಗ ಹಾಕಿಟ್ಟ ಪುಸ್ತಕಗಳನ್ನು ನೋಡುತ್ತಲೇ ಬೆಳೆದ ಮಗುವಿನ ಪ್ರಶ್ನೆ ಅದು.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳೇ, ವರ್ಷದಲ್ಲಿ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಿಗೆ ಐದು ಕಳೆದುಹೋಗುವುದನ್ನು, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜ ನಷ್ಟವೆಂದು ಒಪ್ಪುತ್ತವೆ. ಆ ನಿಯಮ ಕೇಂದ್ರದ ಸಂಸ್ಥೆಗಳದ್ದಾದರೂ ಅದರ ಹಿಂದಿನ ತರ್ಕ ನಿಮ್ಮ ಪಂಚಾಯಿತಿಗೂ ಒಪ್ಪುವಂಥದ್ದೇ. ಶಿಬಿರಕ್ಕೆ ಮೊದಲೇ, ಮಕ್ಕಳ ಕೈಯಲ್ಲಿ ಸವೆದ ಮತ್ತು ಕಳೆದ ಪುಸ್ತಕಗಳಿಗೆ ಮಗುವಿನಿಂದಾಗಲಿ ಮೇಲ್ವಿಚಾರಕರಿಂದಾಗಲಿ ಹಣ ವಸೂಲು ಮಾಡುವುದಿಲ್ಲ ಎಂದು ಠರಾವು ಬರೆಸಿಕೊಳ್ಳಿ. ಗೋಂದು, ಕತ್ತರಿ, ಪಾರದರ್ಶಕ ಅಂಟುಪಟ್ಟಿ ಇಟ್ಟು ಮಕ್ಕಳಿಂದಲೇ ಒಂದು ‘ಪುಸ್ತಕ ದವಾಖಾನೆ’ ನಡೆಸಿ. ಆ ಹುಡುಗಿ ಎರಡನೆಯ ವಾರದಿಂದ ದವಾಖಾನೆಯ ದೊಡ್ಡ ಡಾಕ್ಟರ್ ಆಗಿದ್ದಳು.

ಗುಳೆ ಹೋದ ಕುಟುಂಬಗಳ ಮಕ್ಕಳನ್ನು ತಲುಪುವುದು ಹೇಗೆ?

ಇದಕ್ಕೆ ಪೂರ್ಣ ಪರಿಹಾರ ಗ್ರಂಥಾಲಯದ ಕೈಯಲ್ಲಿಲ್ಲ. ಕಬ್ಬು ಕಡಿಯಲು ಹೋದವರು ಹಂಗಾಮು ಮುಗಿಸಿ ಯುಗಾದಿಯ ಆಸುಪಾಸಿನಲ್ಲಿ ಊರಿಗೆ ಮರಳುತ್ತಾರೆ. ಶಾಲೆಯಲ್ಲಿ ತಿಂಗಳುಗಟ್ಟಲೆ ತಪ್ಪಿಸಿಕೊಂಡ ಆ ಮಕ್ಕಳಿಗೆ ಬೇಸಿಗೆ ಶಿಬಿರವೇ ವರ್ಷದ ಮೊದಲ ಕಲಿಕೆ ಆಗಬಹುದು. ಅವರನ್ನು ವಯಸ್ಸಿಗೆ ತಕ್ಕ ಗುಂಪಿನಲ್ಲೇ ಕೂಡಿಸಿ, ಓದಲು ಬರುವುದಿಲ್ಲವೆಂದು ಚಿಕ್ಕವರ ಜೊತೆ ಕೂಡಿಸಿ ನಾಚಿಸಬೇಡಿ. ಇನ್ನು ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡದ ಕೆಲಸಕ್ಕೆ ಹೋಗುವ ಕುಟುಂಬಗಳು ರಜೆ ಬಂದೊಡನೆ ಮಕ್ಕಳನ್ನೂ ಕರೆದೊಯ್ಯುತ್ತವೆ. ಹೊರಡುವ ಮುನ್ನ ಆ ಮಗುವಿಗೆ ಮೂರು ಪುಸ್ತಕ ಕೊಟ್ಟು ಕಳುಹಿಸಿ, ವಾಪಸ್ ತರುವ ದಿನಾಂಕ ಬರೆಯಬೇಡಿ. ನಗರದ ಗ್ರಂಥಾಲಯಗಳವರು ಈ ಮಕ್ಕಳ ವಿಳಾಸದ ಪುರಾವೆ ಕೇಳಬಾರದು. ಕೆಲಸದ ಜಾಗದ ತಗಡಿನ ಶೆಡ್ಡಿಗೆ ಪುರಾವೆ ಎಲ್ಲಿಂದ ಬರಬೇಕು?

ಮನೆಮಾತು ಕನ್ನಡವಲ್ಲದ ಮಕ್ಕಳಿಗೆ ಏನು ಮಾಡಬೇಕು?

ಲಂಬಾಣಿ, ಉರ್ದು, ತುಳು, ಕೊಂಕಣಿ, ತೆಲುಗು, ಮರಾಠಿ, ಜೇನುಕುರುಬರ ನುಡಿ, ಸೋಲಿಗರ ನುಡಿ ಹೀಗೆ ನಮ್ಮ ರಾಜ್ಯದಲ್ಲಿ ಮನೆಮಾತುಗಳು ಹತ್ತಾರು. ಕನ್ನಡ ಓದು ಗಟ್ಟಿಯಾಗಬೇಕೆಂದರೆ ಮೊದಲು ಮಗು ಬಾಯಿ ಬಿಡಬೇಕು, ಬಾಯಿ ಬಿಡುವುದು ಅದರ ಮನೆಮಾತಿನಲ್ಲಿ. ತಾಂಡಾದ ಹಿರಿಯ ಹೆಂಗಸೊಬ್ಬರನ್ನು ಕರೆದು ಕಥೆ ಹೇಳಿಸಿ. ಅವರು ತಮ್ಮ ಮಾತಿನಲ್ಲೇ ಹೇಳಲಿ, ದೊಡ್ಡ ಮಕ್ಕಳು ಅದನ್ನು ಕನ್ನಡ ಲಿಪಿಯಲ್ಲಿ ಬರೆದು, ಎದುರು ಪುಟದಲ್ಲಿ ಕನ್ನಡದ ರೂಪ ಬರೆದು, ಚಿತ್ರ ಹಾಕಿ ಹೊಲಿದರೆ ಒಂದು ಪುಸ್ತಕವಾಯಿತು. ಅದಕ್ಕೂ ಕ್ರಮಸಂಖ್ಯೆ ಕೊಟ್ಟು ಕಪಾಟಿನಲ್ಲಿ ಇಡಿ. ಕಥೆ ಹೇಳಿದವರಿಗೆ ಉಳಿದ ಸಂಪನ್ಮೂಲ ವ್ಯಕ್ತಿಗಳಿಗೆ ಕೊಡುವ ಗೌರವಧನವನ್ನೇ ಕೊಡಿ, ಶಾಲು ಹೊದಿಸಿ ಸುಮ್ಮನಾಗಬೇಡಿ. ಮುದ್ರಿತ ಪುಸ್ತಕ ಬೇಕಾದವರು, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಿಂದ ಕನ್ನಡವೂ ಸೇರಿ ಹಲವು ಭಾಷೆಗಳ ಮಕ್ಕಳ ಕಥೆಗಳನ್ನು ಮುಕ್ತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು.

ದೊಡ್ಡ ಹೆಣ್ಣುಮಕ್ಕಳು ಶಿಬಿರಕ್ಕೆ ಬರುವುದೇ ಇಲ್ಲ. ಮನೆಯವರು ಕಳುಹಿಸುವುದಿಲ್ಲ ಎನ್ನುತ್ತಾರೆ.

ಕಳುಹಿಸದಿರುವುದಕ್ಕೆ ಮನೆಯವರ ಬಳಿ ಕಾರಣಗಳಿರುತ್ತವೆ. ಬಾಗಿಲ ಬಳಿ ಪೇಪರ್ ಓದುವ ಗಂಡಸರ ಗುಂಪು, ಇಲ್ಲದ ಶೌಚಾಲಯ, ಕತ್ತಲಾದ ಮೇಲೆ ಒಂಟಿಯಾಗಿ ಮರಳುವ ದಾರಿ, ಇವೆಲ್ಲ ನಿಜವಾದ ಅಡ್ಡಿಗಳು. ವಾರದಲ್ಲಿ ಎರಡು ದಿನ ಒಂದೊಂದು ತಾಸು ಹೆಣ್ಣುಮಕ್ಕಳು ಮತ್ತು ತಾಯಂದಿರಿಗಷ್ಟೇ ಎಂದು ಮೀಸಲಿಟ್ಟು, ಸ್ತ್ರೀಶಕ್ತಿ ಸಂಘದವರ ಕೈಗೆ ಕೀಲಿಕೈ ಕೊಟ್ಟರೆ ದೃಶ್ಯವೇ ಬದಲಾಗುತ್ತದೆ. ತಾಯಿ ಬರತೊಡಗಿದರೆ ಮಗಳೂ ಬರುತ್ತಾಳೆ.

ಇನ್ನೂ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಬಸವ ಜಯಂತಿ, ಅಕ್ಷಯ ತದಿಗೆಯ ಹೊತ್ತಿನಲ್ಲಿ ಸಾಮೂಹಿಕ ಮದುವೆಗಳು ನಡೆಯುತ್ತವೆ, ಶಾಲೆ ಮುಚ್ಚಿರುವ ಆ ದಿನಗಳಲ್ಲಿ ಹದಿನೈದು ಹದಿನಾರರ ಹುಡುಗಿ ಕಾಣೆಯಾದರೆ ಕೇಳುವವರಿರುವುದಿಲ್ಲ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಪಿಡಿಒ ಅವರಿಗೂ ಅದನ್ನು ತಡೆಯುವ ಅಧಿಕಾರಿಯ ಹೊಣೆಯಿದೆ. ದಿನವೂ ಬರುತ್ತಿದ್ದ ಹುಡುಗಿ ನಾಲ್ಕು ದಿನ ಬರದಿದ್ದರೆ ಅವಳ ಗೆಳತಿಯರನ್ನು ವಿಚಾರಿಸಿ. ಸಂದೇಹ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಕರೆ ಮಾಡಿದವರ ಹೆಸರು ಬಹಿರಂಗವಾಗಬೇಕಿಲ್ಲ.

ಅಂಗವಿಕಲ ಮಕ್ಕಳಿಗಾಗಿ ಬೇರೆ ಶಿಬಿರ ನಡೆಸಬೇಕೇ?

ಬೇಡ. ಎಲ್ಲರೊಂದಿಗೆ ಕೂಡಿಸಿಕೊಳ್ಳುವ ಸಿದ್ಧತೆ ಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಬಳಿ ಅಂಗವಿಕಲ ಮಕ್ಕಳ ಪಟ್ಟಿ ಸಿಗುತ್ತದೆ. ಆ ಪಟ್ಟಿ ಹಿಡಿದು ಮನೆಗೆ ಹೋಗಿ. ಮೆಟ್ಟಿಲಿದ್ದರೆ ಶಿಬಿರವನ್ನು ಅಂಗಳಕ್ಕೆ ತನ್ನಿ. ಕಾಣದ ಮಕ್ಕಳಿಗೆ, 2016ರಲ್ಲಿ ಆರಂಭವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳಿವೆ. ಬೆಂಗಳೂರಿನ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯದಲ್ಲಿ ಬ್ರೈಲ್ ವಿಭಾಗವಿದೆ. ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಟ್ಟರೆ ಹಕ್ಕುಸ್ವಾಮ್ಯದ ತೊಡಕು ಬರುತ್ತದೆಂದು ಕೆಲವರು ಹೆದರುತ್ತಾರೆ. 2012ರ ತಿದ್ದುಪಡಿಯು ಅಂಗವಿಕಲರ ಬಳಕೆಗಾಗಿ ಲಾಭದ ಉದ್ದೇಶವಿಲ್ಲದೆ ಹೀಗೆ ಮಾಡುವುದಕ್ಕೆ ಅನುಮತಿ ಕೊಟ್ಟಿದೆ. ಈ ಕುರಿತ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶವೂ ನಮ್ಮದೇ.

ಶಿಬಿರದಲ್ಲಿ ಊಟ ಕೊಡಬೇಕೇ? ಅದು ಗ್ರಂಥಾಲಯದ ಕೆಲಸವೇ?

ಹಸಿದ ಮಗು ಕಥೆ ಕೇಳುವುದಿಲ್ಲ. 2024ರ ಬರದ ಬೇಸಿಗೆಯಲ್ಲಿ ರಾಜ್ಯ ಸರ್ಕಾರ 223 ಬರಪೀಡಿತ ತಾಲ್ಲೂಕುಗಳಲ್ಲಿ ರಜೆಯ ದಿನಗಳಲ್ಲಿಯೂ ಬಿಸಿಯೂಟ ನಡೆಸಿತು. ಅಂಥ ವರ್ಷಗಳಲ್ಲಿ ಶಿಬಿರವನ್ನು ಅಡುಗೆ ನಡೆಯುವ ಶಾಲೆಯಲ್ಲೇ, ಊಟಕ್ಕೆ ಮುಂಚಿನ ಎರಡು ತಾಸು ಇಟ್ಟುಕೊಳ್ಳಿ. ಉಳಿದ ವರ್ಷಗಳಲ್ಲಿ ಶೇಂಗಾ ಮತ್ತು ಬೆಲ್ಲ, ನೆನೆಸಿದ ಹೆಸರುಕಾಳು, ಬಾಳೆಹಣ್ಣು, ಮಜ್ಜಿಗೆ ಇಷ್ಟನ್ನು ಊರಿನ ದಾನಿಗಳಿಂದ ಹೊಂದಿಸಬಹುದು. ಕೊಡುವುದಾದರೆ ಎಲ್ಲ ಮಕ್ಕಳಿಗೂ ಒಂದೇ ಸಾಲಿನಲ್ಲಿ ಕೊಡಿ. ‘ಬಡ ಮಕ್ಕಳಿಗೆ’ ಎಂಬ ಬ್ಯಾನರ್ ಕಟ್ಟಿ, ದಾನಿಯ ಜೊತೆ ಫೋಟೊ ತೆಗೆಸುವುದನ್ನು ದಯವಿಟ್ಟು ಬಿಡಿ.

ಎಲ್ಲವೂ ಮೊಬೈಲಿನಲ್ಲಿ ಸಿಗುವಾಗ ಡಿಜಿಟಲ್ ಗ್ರಂಥಾಲಯ ಸಾಲದೇ?

ಮನೆಯಲ್ಲಿ ಇರುವುದು ಒಂದೇ ಮೊಬೈಲು. ಅದು ಹಗಲೆಲ್ಲ ಅಪ್ಪನ ಜೇಬಿನಲ್ಲಿ, ಸಂಜೆ ಅಣ್ಣನ ಕೈಯಲ್ಲಿರುತ್ತದೆ. ಗ್ರಂಥಾಲಯದ ಕಂಪ್ಯೂಟರ್, ಟಿವಿಗಳನ್ನು ಬಳಸಿ, ಆದರೆ ಪಾಳಿಯ ಪಟ್ಟಿ ಹಾಕಿ, ಮೊದಲ ಪಾಳಿಯನ್ನು ಮನೆಯಲ್ಲಿ ಫೋನು ಸಿಗದವರಿಗೆ ಕೊಡಿ.

ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ ಇಡಬಹುದೇ?

ಇಡದಿರುವುದೇ ಒಳ್ಳೆಯದು ಎಂಬುದು ನಮ್ಮ ಅನುಭವ. ಐವತ್ತು ಪುಸ್ತಕ ಓದಿದವರಿಗೆ ಕಪ್ ಕೊಟ್ಟರೆ, ಕಪ್ ಪ್ರತಿ ವರ್ಷ ಅದೇ ಎರಡು ಬೀದಿಗಳಿಗೆ ಹೋಗುತ್ತದೆ. ಜೀವನದಲ್ಲಿ ಮೊದಲ ಬಾರಿ ಒಂದು ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿದವನು ಚಪ್ಪಾಳೆ ತಟ್ಟುವವರ ಸಾಲಿನಲ್ಲಿ ಕುಳಿತಿರುತ್ತಾನೆ. ಬದಲಿಗೆ ಶಿಬಿರ ಮುಗಿಯುವ ದಿನ ಪ್ರತಿ ಮಗುವಿಗೂ ತಾನೇ ಆರಿಸಿಕೊಂಡ ಒಂದು ಪುಸ್ತಕವನ್ನು, ಅದರ ಹೆಸರು ಬರೆದು, ಸ್ವಂತಕ್ಕೆ ಕೊಡಿ. ಅನೇಕ ಮನೆಗಳಲ್ಲಿ ಪಠ್ಯಪುಸ್ತಕವಲ್ಲದ ಮೊದಲ ಪುಸ್ತಕ ಅದೇ ಆಗಿರುತ್ತದೆ.

ಇದಕ್ಕೆಲ್ಲ ಹಣ ಎಲ್ಲಿಂದ ಬರುತ್ತದೆ?

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಕಳೆದ ವರ್ಷ ಎಷ್ಟು ಸಂಗ್ರಹವಾಯಿತು, ಎಷ್ಟು ಖರ್ಚಾಯಿತು ಎಂದು ಗ್ರಾಮ ಸಭೆಯಲ್ಲಿ ಕೇಳಿ. ಮಕ್ಕಳ ಗ್ರಾಮ ಸಭೆಯಲ್ಲಿ ಮಕ್ಕಳೇ ಕೇಳಿದರೆ ಇನ್ನೂ ಚೆನ್ನ, ಆ ನಡಾವಳಿ ದಾಖಲಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗಾಗಿ ಪಂಚಾಯಿತಿ ಮೀಸಲಿಡಬೇಕಾದ ನಿಧಿಯಿಂದ ಕೇರಿಯ ಟ್ರಂಕು, ಬ್ರೈಲ್ ಸಾಮಗ್ರಿಗಳನ್ನು ಕೊಳ್ಳಲು ಪಿಡಿಒ ಅವರೊಂದಿಗೆ ಮಾತನಾಡಿ.

ಹಣದ ಬಗ್ಗೆ ಮಾತನಾಡುವಾಗ ಮೇಲ್ವಿಚಾರಕರನ್ನು ಮರೆಯಬಾರದು. ಬೆಳಿಗ್ಗೆ ಶಿಬಿರ, ಸಂಜೆ ಶಿಬಿರ, ತಾಂಡಾದ ಭೇಟಿ ಎಲ್ಲವನ್ನೂ ಒಬ್ಬರ ಹೆಗಲಿಗೆ ಹಾಕಿ, ಪೆಟ್ರೋಲಿನ ಖರ್ಚನ್ನೂ ಕೊಡದೆ, ಸಮಾನತೆಯ ಮಾತನಾಡುವುದು ನ್ಯಾಯವಲ್ಲ. ಅವರಲ್ಲಿ ಅನೇಕರು ಅದೇ ಅಂಚಿನ ಸಮುದಾಯಗಳಿಂದ ಬಂದವರು. ಕಾಲೇಜು ಓದುವ ಸ್ಥಳೀಯ ಯುವಕ ಯುವತಿಯರನ್ನು, ಮುಖ್ಯವಾಗಿ ಕೇರಿ ತಾಂಡಾಗಳವರನ್ನು, ಗೌರವಧನ ಕೊಟ್ಟು ಜೊತೆಗೆ ನಿಲ್ಲಿಸಿ.

ನಗರದ ಕೊಳೆಗೇರಿಗಳಲ್ಲಿ ಕೆಲಸ ಮಾಡುವವರಿಗೆ ಇದು ಅನ್ವಯವಾಗುತ್ತದೆಯೇ?

ಜಾಗ, ಹೊತ್ತು, ಭಯ ಎಂಬ ಮೂರೂ ಅಲ್ಲಿಯೂ ಇವೆ, ವಿಳಾಸದ ಪುರಾವೆಯೆಂಬ ನಾಲ್ಕನೆಯದು ಸೇರಿಕೊಳ್ಳುತ್ತದೆ. ನಗರದ ಅನುಭವ ನಮಗೆ ಕಡಿಮೆ. ಆದರೆ ಮೈಸೂರಿನ ರಾಜೀವ್‌ನಗರದಲ್ಲಿ ಕೂಲಿ ಮಾಡಿ ಬದುಕುವ ಸೈಯದ್ ಇಸಾಕ್ ಅವರು ತಮ್ಮ ಬಡಾವಣೆಯವರಿಗಾಗಿ ನಡೆಸುತ್ತಿದ್ದ ಕನ್ನಡ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಸುಟ್ಟುಹೋದಾಗ ರಾಜ್ಯದ ಜನ ಮರುಗಿ ನೆರವಿಗೆ ಬಂದದ್ದನ್ನು ನೆನೆಯಬೇಕು. ಓದುವ ಜಾಗ ಬೇಕೆಂಬ ಹಂಬಲ ಅಂಥ ಬಡಾವಣೆಗಳ ಒಳಗೇ ಇದೆ, ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರನ್ನು ಹುಡುಕಿ ಅವರ ಜೊತೆ ನಿಲ್ಲುವುದೇ ನಗರದ ಗ್ರಂಥಾಲಯದ ಮೊದಲ ಹೆಜ್ಜೆಯಾಗಬೇಕು.

ಶಿಬಿರ ಮುಗಿದ ಮೇಲೆ ವರದಿಯಲ್ಲಿ ಏನು ಬರೆಯಬೇಕು? ಜೂನ್‌ನಲ್ಲಿ ಏನು ಮಾಡಬೇಕು?

ಎಷ್ಟು ಮಕ್ಕಳು ಬಂದರು ಎಂಬ ಒಂದೇ ಅಂಕಿಯನ್ನು ಬರೆಯಬೇಡಿ. ಯಾವ ಕೇರಿಯಿಂದ ಎಷ್ಟು, ಹೆಣ್ಣುಮಕ್ಕಳು ಎಷ್ಟು, ಮೊದಲ ದಿನ ಬಂದು ಆಮೇಲೆ ನಿಂತವರು ಯಾರು ಎಂದು ಬರೆಯಿರಿ. ಬಂದು ನಿಂತವರ ಮನೆಗೆ ಒಮ್ಮೆ ಹೋಗಿ ಕಾರಣ ಕೇಳಿ ಅದನ್ನೂ ಬರೆಯಿರಿ, ಮುಂದಿನ ಮಾರ್ಚ್‌ನಲ್ಲಿ ನಿಮಗೆ ಬೇಕಾಗುವುದು ಆ ಪುಟವೇ. ಮಾರ್ಚ್‌ನಲ್ಲಿ ಚುಕ್ಕೆ ಇಟ್ಟ ಅದೇ ಹಾಳೆಯ ಮೇಲೆ ಬೇರೆ ಬಣ್ಣದಲ್ಲಿ ಹೊಸ ಚುಕ್ಕೆಗಳನ್ನು ಇಟ್ಟು ಪಂಚಾಯಿತಿ ಸಭೆಯಲ್ಲಿ ಗೋಡೆಗೆ ತೂಗುಹಾಕಿ.

ಶಾಲೆ ತೆರೆಯುವ ವಾರ, ಓದಿನಲ್ಲಿ ಹಿಂದುಳಿದವರ ಮತ್ತು ಗುಳೆಯಿಂದ ಇನ್ನೂ ಬಾರದವರ ಹೆಸರುಗಳನ್ನು ಮುಖ್ಯ ಶಿಕ್ಷಕರ ಕೈಗೆ ಕೊಡಿ. ತಾಂಡಾದಲ್ಲಿ ಇಟ್ಟ ಟ್ರಂಕನ್ನು ಮಾತ್ರ ವಾಪಸ್ ತರಬೇಡಿ. ಮಳೆಗಾಲ ಬರುತ್ತಿದೆ, ನೆಲದಿಂದ ಮೇಲಿಡಲು ಎರಡು ಇಟ್ಟಿಗೆ ಮತ್ತು ಮೇಲೆ ಹೊದಿಸಲು ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟು ಬನ್ನಿ. ಕೀಲಿಕೈ ಆ ಹುಡುಗಿಯ ಬಳಿಯೇ ಇರಲಿ.